ಎರಡು ಪೌಂಡಿನ ಸಿಟ್ಟು

ವೆಂಡೆಲ್ ಕುಬಿಕ್‌ಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ, ಒಂದು ಹೆಸರು ಸಿಕ್ಕರೆ ಸಾಕಿತ್ತು. ಕುಸ್ತಿಯಲ್ಲಿ ಸೋತರೆ ರೆಫರಿಯ ಹೆಸರು, ಕಾಲು ಜಾರಿದರೆ ಮ್ಯಾಟ್ ಒರೆಸಿದವನ ಹೆಸರು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ ಪ್ರೊಫೆಸರನ ಹೆಸರು. ಬೇರೆ ಯಾರೂ ಕೈಗೆ ಸಿಗದಿದ್ದರೆ ಲೈಲ್ ಡೈಕ್‌ಮನ್ ಇದ್ದೇ ಇದ್ದ.

ಆ ಶುಕ್ರವಾರ ಬೆಳಿಗ್ಗೆ ಅವನು ಬಟ್ಟೆ ಬಿಚ್ಚಿ ಕಾಲೇಜಿನ ಕುಸ್ತಿ ಕೋಣೆಯ ತಕ್ಕಡಿ ಹತ್ತಿದ. ಅದು ಮೇಲೆ ಗುಂಡು ಸರಿಸಿ ನೋಡುವ ಹಳೇ ತಕ್ಕಡಿ. ಗುಂಡನ್ನು ನೂರೈವತ್ತು ಪೌಂಡಿಗೆ ಇಟ್ಟ. ಕಂಬಿ ಮಟ್ಟಸವಾಗಿ ತೇಲಬೇಕಿತ್ತು. ತೇಲಲಿಲ್ಲ, ಟಪ್ಪೆಂದು ಮೇಲಕ್ಕೆ ಹೋಗಿ ಬಡಿಯಿತು. ಒಂದೊಂದೇ ಗೆರೆ ಸರಿಸಿದ. ನೂರೈವತ್ತೆರಡಕ್ಕೆ ಬಂದಾಗ ಕಂಬಿಗೆ ಸಮಾಧಾನವಾಯಿತು. ವೆಂಡೆಲ್‌ನ ಸಮಾಧಾನ ಹೋಯಿತು.

"ನಿನ್ನೆ ಅರ್ಧ ಸೇಬು ತಿಂದಿದೀನಿ ಅಷ್ಟೇ," ಎಂದ ತಕ್ಕಡಿಯನ್ನೇ ದುರುಗುಟ್ಟಿಕೊಂಡು. "ಅರ್ಧ ಸೇಬು ಎರಡು ಪೌಂಡ್ ತೂಗುತ್ತಾ?"

"ಯಾವ ಸೇಬು ಅನ್ನೋದರ ಮೇಲಿದೆ," ಎಂದ ಹಿಂದೆಯೇ ಸರದಿಯಲ್ಲಿ ನಿಂತಿದ್ದ ಲೈಲ್. ಸೊಂಟಕ್ಕೆ ಟವಲು ಸುತ್ತಿಕೊಂಡು ತೀರಾ ಹತ್ತಿರ ನಿಂತಿದ್ದ.

"ನಿನ್ನ ಯಾರು ಕೇಳಿದ್ರು?"

"ಕೇಳದೇ ಇದ್ರೂ ಹೇಳ್ತೀನಿ. ತಲೆ ಕೆಡಿಸ್ಕೋಬೇಡ ಬಿಡೋ ಕುಬಿಕ್. ನೀನು ತೂಕ ಇಳಿಸದೇ ಇದ್ರೆ ನಾನಿದೀನಲ್ಲ."

ಈ "ನಾನಿದೀನಲ್ಲ" ಎನ್ನುವುದೇ ವೆಂಡೆಲ್‌ನ ಹಣೆಬರಹ. ನೂರೈವತ್ತು ಪೌಂಡಿನ ಜಾಗಕ್ಕೆ ತಂಡದಲ್ಲಿ ಒಬ್ಬನಿಗೇ ಅವಕಾಶ. ಮೊದಲು ವಾಟರ್‌ಲೂ ಕಡೆಯ ಒಬ್ಬ ಗೂಳಿ ಆ ಜಾಗ ಹಿಡಿದು ಕೂತಿದ್ದ. ಅವನು ಪಾಸಾಗಿ ಹೋದ ಮೇಲೆ ಲೈಲ್ ಬಂದು ಕೂತ. ವೆಂಡೆಲ್ ಮಾತ್ರ ಕಾಲೇಜು ಸೇರಿದಾಗಿನಿಂದ ಉಳಿದವರ ಬೆವರು ಒರೆಸುತ್ತ, ಬಕೆಟ್ಟು ಹೊರುತ್ತ, ಬೆಂಚಿನ ತುದಿಯಲ್ಲಿ ಕೂತು ಕೂತು ಬೆಂಚಿನ ಬಣ್ಣವೇ ಆಗಿಬಿಟ್ಟಿದ್ದ. ಸ್ವಂತ ಊರಿನ ಕಾಲೇಜು, ಸ್ವಂತ ಊರಿನ ಜನ. ಒಂದೇ ಒಂದು ಸಲ ಅವರೆದುರು ದೀಪದ ಕೆಳಗೆ ಮ್ಯಾಟಿಗೆ ಇಳಿದವನಲ್ಲ. ಇದು ಅವನ ಕೊನೆಯ ವರ್ಷ, ಈ ಸಂಜೆಯದು ಊರಿನಲ್ಲಿ ನಡೆಯುವ ಕೊನೆಯ ಪಂದ್ಯ. ಮಂಗಳವಾರ ತಂಡದೊಳಗಿನ ಕುಸ್ತಿಯಲ್ಲಿ ಲೈಲ್‌ನನ್ನು ಒಂದೇ ಒಂದು ಅಂಕದಿಂದ ಸೋಲಿಸಿ ಜಾಗ ಗೆದ್ದುಕೊಂಡಿದ್ದ. ಸಂಜೆ ರೆಫರಿಯ ಎದುರು ನೂರೈವತ್ತು ತೂಗಿದರೆ ಇಳಿಯುವವನು ಅವನು. ಒಂದು ಕೂದಲು ಹೆಚ್ಚಾದರೂ ಲೈಲ್.

ತೂಕ ತಪ್ಪಿದವನಿಗೆ ಇನ್ನೊಂದು ಮರ್ಯಾದೆಯೂ ಇತ್ತು. ಕೋಚ್ ಸ್ಟ್ರಾಂಡ್ ಕುಸ್ತಿ ಕೋಣೆಯ ಬಾಗಿಲ ಮೇಲೆ ಕೈಯಾರೆ ಬಣ್ಣದಲ್ಲಿ ಬರೆದಿದ್ದ: "ಯಾರು ಮಾಡಿದ್ದು? ನಾನು." ತಪ್ಪು ಮಾಡಿದವನು ಪಂದ್ಯಕ್ಕೆ ಮುಂಚೆ ಮ್ಯಾಟಿನ ನಡುವಿನ ವೃತ್ತದಲ್ಲಿ ನಿಂತು, ಬಂದ ಜನರೆಲ್ಲರ ಮುಂದೆ ಮೈಕು ಹಿಡಿದು "ತಪ್ಪು ನಂದು" ಎನ್ನಬೇಕು. ಬೇರೆ ಯಾರ ಹೆಸರೂ ಬಾಯಿಗೆ ಬರಕೂಡದು. ಬಂದರೆ ಜಿಮ್‌ನ ಮೆಟ್ಟಿಲುಗಳನ್ನು ಕೋಚ್‌ಗೆ ಬೇಸರವಾಗುವವರೆಗೆ ಹತ್ತಿ ಇಳಿಯಬೇಕು. ಕೋಚ್‌ಗೆ ಬೇಗ ಬೇಸರವಾಗುತ್ತಿರಲಿಲ್ಲ. ಆ ಮೆಟ್ಟಿಲುಗಳಿಗೆ ವೆಂಡೆಲ್‌ನ ಕಾಲಿನ ಗುರುತು ಚೆನ್ನಾಗಿತ್ತು.

"ನಿನ್ನ ಬಾಯಲ್ಲಿ ಊರಿನವರ ಹೆಸರೆಲ್ಲ ಬರುತ್ತೆ ಕುಬಿಕ್, ನಿನ್ನದೊಂದು ಬಿಟ್ಟು," ಎನ್ನುತ್ತಿದ್ದ ಕೋಚ್. "ನಿನ್ನ ಕರ್ಕೊಂಡು ಹೋದ್ರೆ ಜನಗಣತಿ ಮಾಡಬಹುದು."

ವೆಂಡೆಲ್ ತಕ್ಕಡಿಗೆ ಒಂದು ಒದೆ ಕೊಟ್ಟ. ಹೆಬ್ಬೆರಳು ಊದಿಕೊಂಡಿತು. ಅದರ ಸಿಟ್ಟೂ ಸೇರಿ, ಎರಡು ಸ್ವೆಟರು ಏರಿಸಿ, ಅದರ ಮೇಲೆ ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಮೂರು ತೂತು ಮಾಡಿ ಅಂಗಿಯಂತೆ ತೊಟ್ಟು, ಬೆವರು ಸುರಿಸಲು ಬೀದಿಗೆ ಓಡಿದ.

ಅಯೋವಾದ ಫೆಬ್ರವರಿ. ಉಗುಳಿದರೆ ನೆಲ ಮುಟ್ಟುವ ಮುಂಚೆ ಗಟ್ಟಿಯಾಗುವ ಚಳಿ. ಅಂಥ ಚಳಿಯಲ್ಲಿ ಬೆವರು ಬರಿಸುವುದೆಂದರೆ ಕಲ್ಲು ಹಿಂಡಿ ಹಾಲು ಕರೆದ ಹಾಗೆ. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಆ ಊರಿನ ಜನ. ಅಲ್ಲಿ ಪಾದ್ರಿಯಿಂದ ಹಿಡಿದು ಹಲ್ಲು ಕೀಳುವವನವರೆಗೆ ಪ್ರತಿಯೊಬ್ಬನೂ ಒಂದು ಕಾಲದಲ್ಲಿ ಕುಸ್ತಿ ಆಡಿದವನೇ. ಮ್ಯಾಟಿಗೆ ಉಜ್ಜಿ ಉಜ್ಜಿ ಪ್ರತಿಯೊಬ್ಬನ ಕಿವಿಯೂ ಜಜ್ಜಿದ ಆಲೂಗಡ್ಡೆ. ಬೇರೆ ಊರಲ್ಲಿ ಹವಾಮಾನ ಮಾತಾಡುವ ಕಡೆ ಇವರು ತೂಕ ಮಾತಾಡುತ್ತಾರೆ.

"ಎಷ್ಟು ಇಳೀಬೇಕೋ?" ಎಂದು ಕೂಗಿದ ಕ್ಷೌರದಂಗಡಿಯ ವರ್ನ್, ಬಾಗಿಲಲ್ಲಿ ನಿಂತು.

"ಎರಡು ಪೌಂಡ್."

"ಒಳಗೆ ಬಾ. ತಲೆ ಮೇಲೆ ಅರ್ಧ ಪೌಂಡ್ ಸುಮ್ನೆ ಹೊತ್ಕೊಂಡು ತಿರುಗ್ತಾ ಇದೀಯ."

ಅದು ಸುಳ್ಳೆಂದು ಯಾರಿಗಾದರೂ ಗೊತ್ತಾಗಬೇಕಿತ್ತು. ಆದರೆ ಹಸಿದವನಿಗೆ ಯಾವ ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ. ವೆಂಡೆಲ್ ಕುರ್ಚಿಯಲ್ಲಿ ಕೂತ. ವರ್ನ್ ಬಲಗಡೆಯಿಂದ ಶುರು ಮಾಡಿದ. ಕಿವಿಯ ಮೇಲಿಂದ ನೆತ್ತಿಯವರೆಗೆ ಬೋಳು ಮಾಡುತ್ತ, ಬಾಯಿಗೆ ಬಿಡುವು ಕೊಡದೆ, ತನ್ನ ಕಾಲದ ಕುಸ್ತಿಯನ್ನೆಲ್ಲ ಮತ್ತೆ ಗೆದ್ದ. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು.

"ನೋಡು, ಬೇಜಾರು ಮಾಡ್ಕೋಬೇಡ," ಎಂದ. "ಡೈಕ್‌ಮನ್ ಹುಡುಗ ಇಳಿದ್ರೂ ಊರಿಗೇನೂ ನಷ್ಟ ಇಲ್ಲ. ಅವನ ಕಾಲು ನಿನಗಿಂತ ಚುರುಕು."

ಕತ್ತರಿಸುವ ಯಂತ್ರ ನೆತ್ತಿಯ ನಡುವೆ ಇರುವಾಗಲೇ ವೆಂಡೆಲ್ ಎದ್ದು ನಿಂತ.

"ಕೂತ್ಕೊಳೋ, ಇನ್ನೂ ಎಡಗಡೆ ಇದೆ."

"ಎಡಗಡೆ ಡೈಕ್‌ಮನ್‌ಗೆ ಬೋಳಿಸು, ಹೋಗು," ಎಂದು ಕೊರಳಿನ ಬಟ್ಟೆ ಕಿತ್ತೆಸೆದು ಹೊರಗೆ ನಡೆದ.

ಹೀಗೆ ಅರ್ಧ ತಲೆ ಬೋಳು, ಅರ್ಧ ತಲೆ ಜೋಳದ ಜುಟ್ಟು, ಮೈಮೇಲೆ ಕಸದ ಚೀಲ, ಬಾಯಲ್ಲಿ ಬೈಗುಳ, ಕೈಯಲ್ಲಿ ತೂಕ ಇಳಿಯಲೆಂದು ಉಗುಳಿ ಉಗುಳಿ ತುಂಬಿಸಿದ ಬಾಟಲಿ ಹಿಡಿದು ಒಬ್ಬ ಗಂಡಸು ಮುಖ್ಯ ಬೀದಿಯಲ್ಲಿ ಕುಂಟುತ್ತ ಓಡುವುದನ್ನು ಲೂಥರನ್ ಚರ್ಚಿನ ಮಿಸೆಸ್ ಟ್ವೆಟ್ ಕಿಟಕಿಯಿಂದ ಕಂಡಳು. ಆಕೆಗೆ ಊರಿನ ನೆಮ್ಮದಿಯ ಜವಾಬ್ದಾರಿಯನ್ನು ದೇವರೇ ವಹಿಸಿಕೊಟ್ಟಿದ್ದ. ಆಕೆ ಫೋನು ಎತ್ತಿ ಹುಚ್ಚಾಸ್ಪತ್ರೆಯಿಂದ ಯಾರೋ ತಪ್ಪಿಸಿಕೊಂಡು ಬಂದಿದ್ದಾನೆಂದು ಪೊಲೀಸರಿಗೆ ತಿಳಿಸಿದಳು.

ಡಾರೆಲ್ ಎಂಬ ಡೆಪ್ಯುಟಿ ಕಾರು ತಂದು ಅಡ್ಡ ನಿಲ್ಲಿಸಿದ. ವೆಂಡೆಲ್‌ನನ್ನು ಮೇಲಿನಿಂದ ಕೆಳಗೆ ನೋಡಿದ. ಅವನದೂ ಆಲೂಗಡ್ಡೆ ಕಿವಿಯೇ.

"ಎಷ್ಟು ಇಳೀಬೇಕು?"

"ಎರಡು ಪೌಂಡ್."

"ಹಿಂದೆ ಕೂತ್ಕೋ."

ಡಾರೆಲ್ ಕಿಟಕಿ ಏರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಕಾರನ್ನು ಊರ ಸುತ್ತ ಮೆಲ್ಲಗೆ ಬಿಟ್ಟ. ಹಿಂದಿನ ಸೀಟಿನಲ್ಲಿ ವೆಂಡೆಲ್ ಹಬೆಯಲ್ಲಿಟ್ಟ ಕಡುಬಿನ ಹಾಗೆ ಬೆಂದ. ಚೀಲದ ತೋಳಿನಿಂದ ಬೆವರು ನಲ್ಲಿಯಂತೆ ಇಳಿಯಿತು.

"ಅರ್ಧ ಸೇಬು ತಿಂದು ಎರಡು ಪೌಂಡ್ ಹೆಚ್ಚಾಗೋದು ಅಂದ್ರೆ ಏನು ಅನ್ಯಾಯ," ಎಂದ ಒಳಗಿನಿಂದ.

ಡಾರೆಲ್ ಕನ್ನಡಿಯಲ್ಲಿ ಅವನನ್ನು ನೋಡಿದ. "ತಕ್ಕಡಿ ಹತ್ತಿದಾಗ ನಿನ್ನ ಹಿಂದೆ ಯಾರು ನಿಂತಿದ್ರು?"

"ಯಾಕೆ?"

"ನಮ್ಮ ಕಾಲದಲ್ಲಿ ಒಂದು ಆಟ ಇತ್ತು. ಮುಂದೆ ಒಬ್ಬ ತಕ್ಕಡಿ ಹತ್ತಿರ್ತಾನೆ, ಅವನ ಕಣ್ಣು ಕಂಬಿ ಮೇಲಿರುತ್ತೆ. ಹಿಂದೆ ನಿಂತವನು ಸುಮ್ನೆ ಕಾಲಿನ ಹೆಬ್ಬೆರಳು ತಕ್ಕಡಿ ಅಂಚಿಗೆ ಇಡ್ತಾನೆ. ಒಂಚೂರು ಒತ್ತಿದ್ರೆ ಎರಡು ಪೌಂಡ್. ನಾನೇ ಎಷ್ಟು ಜನರನ್ನ ಓಡಿಸಿದೀನಿ ಗೊತ್ತಾ? ಒಬ್ಬನಿಗಂತೂ ಮೂರ್ಛೆ ಬಂತು." ಡಾರೆಲ್ ಆ ನೆನಪಿನ ಖುಷಿಯಲ್ಲಿ ನಕ್ಕ.

ಹಿಂದಿನ ಸೀಟಿನಿಂದ ಹಲ್ಲು ಕಡಿಯುವ ಸದ್ದು ಬಂತು.

"ಕಾರು ಕಾಲೇಜಿಗೆ ತಿರುಗಿಸಿ," ಎಂದ ವೆಂಡೆಲ್. "ಆ ಹೆಬ್ಬೆರಳು ಮುರಿದು ಅವನ ಬಾಯಿಗೇ ಇಡ್ತೀನಿ."

"ಮೊದಲು ಸಾಕ್ಷಿ ಮಾಡ್ಕೋ ಮಾರಾಯ. ಬೇರೆ ತಕ್ಕಡೀಲಿ ತೂಗಿ ನೋಡು. ನಿಮ್ಮಪ್ಪನ ಅಂಗಡೀಲಿ ಕೊಕ್ಕೆ ಇದೆಯಲ್ಲ. ಈ ಜಿಲ್ಲೇಲಿ ನಂಬೋಂಥ ತಕ್ಕಡಿ ಅಂದ್ರೆ ಅದೊಂದೇ."

ವೆಂಡೆಲ್‌ನ ಅಪ್ಪ ಎಮಿಲ್ ಕುಬಿಕ್‌ನದು ಮಾಂಸದಂಗಡಿ. ಸುತ್ತಮುತ್ತಲಿನ ರೈತರು ಹಂದಿ ತಂದು ಅವನಿಗೆ ಮಾರುತ್ತಿದ್ದರು. ಕುಯ್ದ ಹಂದಿಯನ್ನು ಮೇಲಿನ ಕೊಕ್ಕೆಗೆ ನೇತುಹಾಕಿದರೆ ದೊಡ್ಡ ಗಡಿಯಾರದಂಥ ಮುಖದಲ್ಲಿ ಮುಳ್ಳು ತಿರುಗಿ ತೂಕ ಹೇಳುತ್ತಿತ್ತು. ಎಮಿಲ್‌ನ ಅಪ್ಪನ ಕಾಲದಿಂದಲೂ ಆ ಮುಳ್ಳು ಹೇಳಿದ್ದೇ ಮಾತು.

ಇವನು ಹೋದಾಗ ಲೈಲ್‌ನ ಅಪ್ಪ ಗೆರಿಟ್ ಡೈಕ್‌ಮನ್ ಅಲ್ಲೇ ಇದ್ದ. ಬೆಳಿಗ್ಗೆ ತಂದ ಹಂದಿಯನ್ನು ಮಾರಿ, ಅದರದೇ ಒಂದು ತೊಡೆಯನ್ನು ಮನೆಗೆ ಕಟ್ಟಿಸಿಕೊಳ್ಳುತ್ತ, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ನಿಂತಿದ್ದ. ಅವನು ಮಾತಾಡುವುದಕ್ಕಿಂತ ಕಡ್ಡಿ ಅಗಿಯುವುದೇ ಹೆಚ್ಚು. ಗಲ್ಲಾ ಹಿಂದೆ ಇದ್ದ ವೆಂಡೆಲ್‌ನ ಅಮ್ಮ ಆಲ್ಬೀನ ಮಗನ ತಲೆ ಕಂಡು ಕೈಯಲ್ಲಿದ್ದ ಸಾಸೇಜು ಕೆಳಗೆ ಹಾಕಿದಳು.

"ಯಾರೋ ನಿನ್ನ ಹೀಗೆ ಮಾಡಿದ್ದು?"

"ವರ್ನ್," ಎಂದ ವೆಂಡೆಲ್, ಎಂದಿನ ಅಭ್ಯಾಸದಂತೆ. ಚೀಲ ಹರಿದೆಸೆದ, ಸ್ವೆಟರು ಕಿತ್ತ, ಚಡ್ಡಿಯೊಂದರಲ್ಲಿ ನಿಂತ. ಮುಕ್ಕಾಲಿ ಎಳೆದು ಹತ್ತಿ, ಎರಡೂ ಕೈಯಲ್ಲಿ ಕೊಕ್ಕೆ ಹಿಡಿದು ನೇತಾಡಿದ.

ಅದೇ ಹೊತ್ತಿಗೆ ಮಿಸೆಸ್ ಟ್ವೆಟ್ ಸಾಸೇಜು ಕೊಳ್ಳಲು ಬಾಗಿಲು ತೆರೆದಳು. ಬೆಳಗಿನ ಹುಚ್ಚ ಬತ್ತಲೆ ಮೈಯಲ್ಲಿ ಹಂದಿಯ ಕೊಕ್ಕೆಗೆ ನೇತಾಡುತ್ತಿದ್ದ. ಆಕೆ ಬಂದ ಹಾಗೇ ತಿರುಗಿ ಹೊರಟುಹೋದಳು. ಆ ದಿನ ಅವಳ ಮನೆಯಲ್ಲಿ ಬರೀ ಮೊಟ್ಟೆ.

ಮುಳ್ಳು ತೂಗಾಡಿ ನಿಂತಿತು.

"ನೂರ ನಲವತ್ತನಾಲ್ಕು," ಎಂದು ಗೆರಿಟ್ ಕಡ್ಡಿ ಸರಿಸಿ ಓದಿದ. "ನನ್ನ ಹಂದಿಗಿಂತ ಕಡೆ."

ವೆಂಡೆಲ್ ಕೆಳಕ್ಕೆ ಧುಮುಕಿದ. ಬೇಕಾದ್ದಕ್ಕಿಂತ ಆರು ಪೌಂಡ್ ಕಡಿಮೆ. ಖುಷಿಯೂ ಸಿಟ್ಟೂ ಒಟ್ಟಿಗೆ ನೆತ್ತಿಗೇರಿ, ಬೋಳಾದ ಅರ್ಧ ತಲೆ ಟೊಮೆಟೊ ಆಯಿತು. "ನೋಡಿದ್ಯಾ ಅಪ್ಪ? ಅವನೇ. ಮೋಸ ಮಾಡಿದಾನೆ. ತಕ್ಕಡೀಲಿ ಮೋಸ ಮಾಡೋನು ಮನುಷ್ಯನಾ?"

"ಅಂಗಡೀಲಿ ಕೂಗ್ಬೇಡ," ಎಂದ ಎಮಿಲ್.

"ಯಾರು ಮೋಸ ಮಾಡಿದ್ದು?" ಎಂದು ಕೇಳಿದ ಗೆರಿಟ್.

ಕೇಳಿದವನು ಲೈಲ್‌ನ ಅಪ್ಪ ಎಂದು ನೆನಪಾಗಿ ವೆಂಡೆಲ್ ಮಾತು ಬದಲಿಸಿದ. "ಸಂಜೆ ಗೊತ್ತಾಗುತ್ತೆ ಬಿಡಿ ಮಿಸ್ಟರ್ ಡೈಕ್‌ಮನ್. ಅಮ್ಮ, ಏನಿದೆ ತಿನ್ನೋಕೆ?"

ಮಗ ಊಟ ಕೇಳಿದ್ದನ್ನು ಕೇಳಿ ಎಷ್ಟೋ ದಿನವಾಗಿದ್ದ ಆಲ್ಬೀನ ಗಲ್ಲಾ ಬಿಟ್ಟು ಹಿಂದಿನ ಮನೆಗೆ ಓಡಿದಳು. ಹಂದಿಮಾಂಸ ಬಂತು. ಹಿಟ್ಟಿನ ಕಡುಬು ಬಂತು. ಹುಳಿ ಎಲೆಕೋಸು ಬಂತು. ದೊಡ್ಡ ಜಗ್ಗಿನಲ್ಲಿ ಹಾಲು ಬಂತು. ವೆಂಡೆಲ್ ಮಾಂಸ ಕೊಚ್ಚುವ ಮೇಜಿನ ತುದಿಯಲ್ಲೇ ಕೂತು, ಒಂದೊಂದು ಕಡುಬನ್ನೂ ಲೈಲ್‌ನ ತಲೆಯೆಂದು ತಿಳಿದು ಕಚ್ಚಿದ.

ಎಮಿಲ್‌ಗೆ ಮಾತ್ರ ಏನೋ ಆಗಿತ್ತು. ಹುಡುಗ ತಿನ್ನುವುದಿಲ್ಲ ಎಂದು ಇಡೀ ಚಳಿಗಾಲ ಕೋಚನ್ನು ಬೈದವನು ಈಗ ಚಾಕು ಕೈಯಲ್ಲಿ ಹಿಡಿದು ಸುತ್ತ ಸುತ್ತುತ್ತಿದ್ದ.

"ಸಾಕು ಬಿಡೋ. ಕುಸ್ತಿ ದಿನ ಹೊಟ್ಟೆ ಹಗುರ ಇರ್ಬೇಕು."

"ಆರು ಪೌಂಡ್ ಇದೆ ಅಪ್ಪ. ನಾಲ್ಕು ತಿಂದ್ರೂ ಎರಡು ಉಳಿಯುತ್ತೆ."

"ಉಳಿಯುತ್ತೆ, ಉಳಿಯುತ್ತೆ. ಆದ್ರೂ ಕಾಲೇಜಿನ ತಕ್ಕಡೀಲೂ ಒಂದ್ಸಲ ನೋಡಿ ಆಮೇಲೆ..."

"ಆ ಕಳ್ಳ ತಕ್ಕಡಿ ನಾನು ಹತ್ತಲ್ಲ. ನಮ್ಮ ಕೊಕ್ಕೆ ಇದೆಯಲ್ಲ."

ಎಮಿಲ್ ಗೆರಿಟ್‌ನ ಕಡೆ ನೋಡಿದ. ಗೆರಿಟ್ ಕಡ್ಡಿ ಅಗಿಯುತ್ತಿದ್ದ, ಕದಲುವ ಲಕ್ಷಣವಿರಲಿಲ್ಲ. ಎಮಿಲ್ ಬಾಯಿ ತೆರೆದ, ಮುಚ್ಚಿದ. ಕೊನೆಗೆ ಮಗನ ಮುಂದಿದ್ದ ಹಾಲಿನ ಜಗ್ಗಿಗೇ ಕೈ ಹಾಕಿದ.

"ಹಸಿದ ಮಗು ಬಾಯಿಂದ ಕಿತ್ಕೋತೀಯಾ?" ಎಂದು ಆಲ್ಬೀನ ಜಗ್ಗು ಕಿತ್ತು ಮಗನ ಕೈಗೆ ಕೊಟ್ಟಳು. "ನಿನಗೇನು ದೆವ್ವ ಹಿಡಿದಿದೆಯಾ ಎಮಿಲ್?"

ವೆಂಡೆಲ್ ಹಾಲು ಕುಡಿದ. ಗಸಗಸೆ ತುಂಬಿದ ಕೊಲಾಚಿ ಬನ್ನು ಎರಡು ತಿಂದ. ಪ್ಯಾಂಟು ಅಂಗಿ ಏರಿಸಿ, ಮೂರನೆಯದನ್ನು ಜೇಬಿಗೆ ಹಾಕಿಕೊಂಡು ಕಾಲೇಜಿಗೆ ನಡೆದ. ಹೊಟ್ಟೆ ತುಂಬಿತ್ತು, ಸಿಟ್ಟೂ ತುಂಬಿತ್ತು.

ಲೈಲ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ.

"ಬೆಳಿಗ್ಗೆ ಬೆರಳು ಇಟ್ಟಿದ್ದೆ ಅಲ್ವಾ?"

ಲೈಲ್ ತಲೆ ಎತ್ತಿದ. ಮೊದಲು ಅರ್ಧ ಬೋಳು ತಲೆ ಕಂಡು ನಗು ಬಂತು, ಆಮೇಲೆ ಮುಖ ಕೆಂಪಾಯಿತು. "ಯಾವ ಬೆರಳು?"

"ಎದ್ದು ನಿಲ್ಲೋ, ತೋರಿಸ್ತೀನಿ ಯಾವುದು ಅಂತ."

ಕೋಚ್ ಸ್ಟ್ರಾಂಡ್ ನಡುವೆ ಬಂದ. "ಏನು ಕುಬಿಕ್, ಇವತ್ತು ಯಾರ ಹೆಸರು?"

"ಕೋಚ್, ಇವನು ತಕ್ಕಡಿ ಮೇಲೆ..."

"ಮೆಟ್ಟಿಲು ಹತ್ತಬೇಕಾ?"

ವೆಂಡೆಲ್ ಬಾಯಿ ಮುಚ್ಚಿದ. "ರೆಫರಿ ಬರೋವರೆಗೆ ಆ ತಕ್ಕಡಿ ಹತ್ತಲ್ಲ ಕೋಚ್. ಅವರು ಬರಲಿ, ಹಿಂದೆ ಯಾರೂ ನಿಲ್ಲೋದು ಬೇಡ."

"ತೂಕ ಸರಿ ಇದೆಯಾ?"

"ಬೇಕಾದ್ದಕ್ಕಿಂತ ಕಡಿಮೆ ಇದೆ."

"ಎಲ್ಲಿ ನೋಡಿದೆ?"

"ನಂಬಿಕೆ ಇರೋ ಕಡೆ."

ಸಂಜೆ ರೆಫರಿ ಬಂದ. ಎರಡೂ ಕಾಲೇಜಿನ ಹುಡುಗರು ಸಾಲಾಗಿ ನಿಂತರು. ವೆಂಡೆಲ್‌ನ ಸರದಿ ಬಂದಾಗ ಅವನು ತಕ್ಕಡಿಯನ್ನು ತಾನೇ ಎಳೆದು ಗೋಡೆಗೆ ಒತ್ತಿ ನಿಲ್ಲಿಸಿದ. ಹಿಂದೆ ಇರುವೆ ನಿಲ್ಲಲೂ ಜಾಗವಿರಲಿಲ್ಲ. ಎದೆ ಉಬ್ಬಿಸಿ ಹತ್ತಿದ. ರೆಫರಿ ಗುಂಡನ್ನು ನೂರೈವತ್ತಕ್ಕೆ ಇಟ್ಟ.

ಟಪ್.

ರೆಫರಿ ಗುಂಡು ಸರಿಸಿದ. ಬೆಳಿಗ್ಗೆ ಎಲ್ಲಿ ನಿಂತಿತ್ತೋ ಅದೇ ಗೆರೆಗೆ ಬಂದಾಗ ಕಂಬಿ ತೇಲಿತು. ನೂರೈವತ್ತೆರಡು.

ವೆಂಡೆಲ್ ತಿರುಗಿ ಕೆಳಗೆ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು. ಲೈಲ್ ಕೋಣೆಯ ಆ ತುದಿಯಲ್ಲಿ ನಿಂತಿದ್ದ, ಎರಡೂ ಕಾಲಿನ ಬೆರಳು ಕಾಣುವ ಹಾಗೆ. ವೆಂಡೆಲ್ ಚಡ್ಡಿ ಬಿಚ್ಚಿ ನಿಂತ, ಉಸಿರೆಲ್ಲ ಹೊರಗೆ ಬಿಟ್ಟು ನಿಂತ. ಬಿಸಿನೀರಿನ ಕೆಳಗೆ ಕುಣಿದು ಬಂದು ನಿಂತ. ಉಳಿದ ಅರ್ಧ ಕೂದಲನ್ನು ಬೋಳಿಸಿಕೊಳ್ಳಲು ರೇಜರು ಕೇಳಿದ. ರೆಫರಿ ಗಡಿಯಾರ ತೋರಿಸಿ ಪೆನ್ನು ಮುಚ್ಚಿದ. "ಮುಗೀತು ಮಗ. ನೂರೈವತ್ತಕ್ಕೆ ಡೈಕ್‌ಮನ್."

ಆಗ ವೆಂಡೆಲ್‌ಗೆ ಅಪ್ಪನ ಮುಖ ನೆನಪಾಯಿತು. ಹಾಲಿನ ಜಗ್ಗು ಹಿಡಿದ ಕೈ ನೆನಪಾಯಿತು. ನಾಲ್ಕು ತಿಂದರೂ ಎರಡು ಉಳಿಯಬೇಕಿತ್ತು, ಎರಡು ಹೆಚ್ಚಾಗಿದೆ. ಕೊಕ್ಕೆ ರೈತನ ಹಂದಿಯನ್ನು ತೂಗಿದ ಹಾಗೇ ಮನೆಯ ಮಗನನ್ನೂ ತೂಗಿತ್ತು. ಅದಕ್ಕೆ ಭೇದಭಾವ ಗೊತ್ತಿರಲಿಲ್ಲ.

ಜಿಮ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಎಮಿಲ್, ಆಲ್ಬೀನ, ಒಂದು ಮಾರು ಆಚೆ ಗೆರಿಟ್. ಅವರ ಹಿಂದೆ ಮೇಲಿನವರೆಗೆ ಬೀಜದ ಕಂಪನಿಯ ಟೋಪಿ ಹಾಕಿದ ರೈತರು. ಬಟ್ಟೆ ತೊಟ್ಟು ಬಂದ ವೆಂಡೆಲ್‌ಗೆ ಕೋಚ್ ಮೈಕು ಕೊಟ್ಟು ವೃತ್ತ ತೋರಿಸಿದ. ವೆಂಡೆಲ್ ದೀಪದ ಕೆಳಗೆ ಬಂದು ನಿಂತ. ಅವನು ಇಷ್ಟು ವರ್ಷ ಕನಸು ಕಂಡಿದ್ದ ಅದೇ ದೀಪ. ಅರ್ಧ ತಲೆ ಫಳಫಳ ಹೊಳೆಯಿತು. ಜನ ನಕ್ಕರು.

ಜೀವಮಾನದಲ್ಲಿ ಮೊದಲ ಸಲ ಅವನ ನಾಲಿಗೆಯ ತುದಿಯಲ್ಲಿ ಸರಿಯಾದ ಹೆಸರಿತ್ತು. ಆ ಹೆಸರಿನ ಮನುಷ್ಯ ಎದುರಿಗೇ ಕೂತು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ವೆಂಡೆಲ್ ಮೈಕನ್ನು ಬಾಯಿಗೆ ಹಿಡಿದ.

"ತಪ್ಪು ನಂದು," ಎಂದ. "ತಿಂದಿದ್ದು ನಾನು. ಬೇರೆ ಯಾರದೂ ಅಲ್ಲ."

ಕೋಚ್‌ನ ಬಾಯಿ ಅರ್ಧ ತೆರೆಯಿತು. ಕುಬಿಕ್‌ನ ಬಾಯಿಂದ ಈ ಮಾತು ಬರುವುದಕ್ಕಿಂತ ಜೋಳದ ಹೊಲದಲ್ಲಿ ತಿಮಿಂಗಿಲ ಸಿಗುವುದು ಸುಲಭ ಎಂದು ಅವನು ನಂಬಿದ್ದ. ಮೊದಲು ಯಾರೋ ಒಬ್ಬ ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ ತಟ್ಟಿದರು.

ಅದು ಲೈಲ್‌ಗೆ ತಡೆಯಲಾಗಲಿಲ್ಲ. ಅವನು ಬಂದು ಮೈಕು ಕಸಿದುಕೊಂಡ.

"ಬೆಳಿಗ್ಗೆ ತಕ್ಕಡಿ ಮೇಲೆ ಬೆರಳು ಇಟ್ಟಿದ್ದು ನಾನು," ಎಂದ. ಅವನ ದನಿಯಲ್ಲೂ ಸಿಟ್ಟೇ ಇತ್ತು. "ಇವನು ಸೇರಿದಾಗಿಂದ ಎಲ್ಲದಕ್ಕೂ ನನ್ನ ಹೆಸರೇ ಹೇಳ್ತಾ ಬಂದ. ಬಕೆಟ್ಟು ತೂತಾದ್ರೆ ನಾನು, ಇವನಿಗೆ ಭೇದಿಯಾದ್ರೆ ನಾನು. ಮಾಡದೇ ಇದ್ರೂ ಬೈಸ್ಕೋತೀನಲ್ಲ, ಒಂದ್ಸಲ ಮಾಡೇಬಿಡೋಣ ಅನ್ನಿಸ್ತು. ತಪ್ಪು ನಂದು."

ಚಪ್ಪಾಳೆ ಇನ್ನೂ ಜೋರಾಯಿತು. ಕೋಚ್‌ನ ಕಣ್ಣಲ್ಲಿ ನೀರು ಬಂತು. ಒಂದೇ ಸಂಜೆ ಇಬ್ಬರು ಒಪ್ಪಿಕೊಂಡದ್ದು ಅವನ ವೃತ್ತಿಯಲ್ಲೇ ಇರಲಿಲ್ಲ.

"ಹಾಗಾದ್ರೆ ಇವನು ಇಳೀಬಾರದಲ್ಲ ಕೋಚ್," ಎಂದ ವೆಂಡೆಲ್ ಆಸೆಯಿಂದ.

"ಇಳೀತಾನೆ. ಯಾರೂ ಇಳೀದೇ ಎದುರು ತಂಡಕ್ಕೆ ಆರು ಅಂಕ ದಾನ ಮಾಡೋಕೆ ನಾನೇನು ಪಾದ್ರಿ ಅಲ್ಲ." ಕೋಚ್ ಮೈಕು ತೆಗೆದುಕೊಂಡು ಜನರ ಕಡೆ ತಿರುಗಿದ. "ಆದರೆ ಬೆರಳಿಡೋ ತಕ್ಕಡಿ ಇನ್ನು ನಮಗೆ ಬೇಡ. ಸೋಮವಾರದಿಂದ ಇಡೀ ತಂಡ ಎಮಿಲ್ ಕುಬಿಕ್ ಅವರ ಕೊಕ್ಕೆಗೆ ನೇತಾಡಿ ತೂಕ ನೋಡುತ್ತೆ. ಕೊಕ್ಕೆಗೆ ಯಾರೂ ಬೆರಳಿಡೋಕಾಗಲ್ಲ. ಆ ತಕ್ಕಡಿ ಸುಳ್ಳು ಹೇಳಲ್ಲ."

ಎಮಿಲ್ ಚೇಳು ಕಡಿದವನಂತೆ ಎದ್ದ. "ಕೊಕ್ಕೆ ಕೆಟ್ಟಿದೆ ಕೋಚ್."

"ಯಾವಾಗ ಕೆಟ್ಟಿತು?" ಎಂದ ಪಕ್ಕದಿಂದ ಗೆರಿಟ್.

"ಇವತ್ತೇ. ಬೆಳಿಗ್ಗೆ."

ಗೆರಿಟ್ ಬಾಯಿಂದ ಕಡ್ಡಿ ತೆಗೆದ. ಅವನು ಕಡ್ಡಿ ತೆಗೆದದ್ದನ್ನು ಊರಿನವರು ಕಂಡಿದ್ದು ಹೆಂಡತಿಯ ಮಣ್ಣಿನ ದಿನ ಒಮ್ಮೆ. "ಬೆಳಿಗ್ಗೆ ನನ್ನ ಹಂದಿ ತೂಗಿದ್ದು ಯಾವುದರಲ್ಲಿ ಮತ್ತೆ?"

ಗೆರಿಟ್ ಮೆಲ್ಲಗೆ ಮುಂದುವರಿಸಿದ. "ಮಧ್ಯಾಹ್ನ ಇವನು ನೂರ ನಲವತ್ತನಾಲ್ಕು ತೂಗಿದ. ನಾನೇ ಓದಿದೆ. ನಾನು ನೋಡ್ತಾ ಇದ್ದಾಗ್ಲೇ ಊಟ ಮಾಡಿದ. ನಾಲ್ಕು ಪೌಂಡ್ ಅನ್ನು. ಈಗ ನೂರೈವತ್ತೆರಡು. ಉಳಿದ ನಾಲ್ಕು ಎಲ್ಲಿಂದ ಬಂತು ಎಮಿಲ್?"

ಮೇಲಿನ ಸಾಲುಗಳಲ್ಲಿ ರೈತರ ತುಟಿಗಳು ಸದ್ದಿಲ್ಲದೆ ಅಲುಗಾಡತೊಡಗಿದವು. ಒಬ್ಬೊಬ್ಬನೂ ತನ್ನ ಹಂದಿಗಳನ್ನು ನೆನೆಸಿಕೊಳ್ಳುತ್ತಿದ್ದ. ಕೆಲವರು ಅಪ್ಪಂದಿರ ಹಂದಿಗಳನ್ನೂ.

ಎಮಿಲ್ ಮಗನ ಕಡೆ ನೋಡಿದ. ಮಗನ ಹಿಂದೆ, ಕುಸ್ತಿ ಕೋಣೆಗೆ ಹೋಗುವ ಬಾಗಿಲ ಮೇಲೆ, ಕೋಚ್ ಬರೆದ ಅಕ್ಷರಗಳು ದೊಡ್ಡದಾಗಿ ಕಾಣುತ್ತಿದ್ದವು. ಎಮಿಲ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಹುಡುಗ ಈಗಷ್ಟೇ ಒಪ್ಕೊಂಡನಲ್ಲ," ಎಂದ. "ಕೊಕ್ಕೆ ನೋಡ್ಕೊಳ್ಳೋದು, ಎಣ್ಣೆ ಹಾಕೋದು, ಮುಳ್ಳು ತಿರುಗಿಸೋದು ಎಲ್ಲ ಮೊದಲಿಂದ್ಲೂ ಅವನೇ. ತಪ್ಪು ಅವನದು. ಅವನ ಬಾಯಿಂದಲೇ ಕೇಳಿದ್ರಲ್ಲ, ಬೇರೆ ಯಾರದೂ ಅಲ್ಲ ಅಂತ."

ವೆಂಡೆಲ್‌ಗೆ ಆ ಕ್ಷಣ ತನ್ನ ರೋಗ ಯಾವ ಕಡೆಯಿಂದ ಬಂದದ್ದೆಂದು ತಿಳಿಯಿತು. ಮೈಕು ಬೇಕಾಗಲಿಲ್ಲ.

"ಅಪ್ಪ," ಎಂದು ಜಿಮ್‌ನ ಮಾಡು ನಡುಗುವ ಹಾಗೆ ಕೂಗಿದ. "ನಾನು ಹುಟ್ಟೋಕೆ ಮುಂಚಿನಿಂದ ಆ ಕೊಕ್ಕೆ ಇದೆ. ಮಾಡಿದ್ದು ಎಮಿಲ್ ಕುಬಿಕ್. ಎಮಿಲ್ ಕುಬಿಕ್, ಎಮಿಲ್ ಕುಬಿಕ್."

ಕೋಚ್ ಸ್ಟ್ರಾಂಡ್‌ನ ಕಣ್ಣಿನ ನೀರು ಆರಿಹೋಯಿತು. ನಿಟ್ಟುಸಿರು ಬಿಟ್ಟು, ಬೆರಳೆತ್ತಿ ಮೆಟ್ಟಿಲು ತೋರಿಸಿದ.

ವೆಂಡೆಲ್ ಆಗಲೇ ಆ ಕಡೆ ಓಡುತ್ತಿದ್ದ. ಕೋಚ್‌ನ ಮಾತಿಗೆ ಬೆಲೆ ಕೊಟ್ಟು ಅಲ್ಲ. ಎಡಗಡೆಯ ಸಾಲಿನಿಂದ ಟೋಪಿಗಳು ಇಳಿದು ಬರುತ್ತಿದ್ದವು. ಅವುಗಳಲ್ಲಿ ಅರ್ಧ ಅಪ್ಪನ ಕಡೆ, ಅರ್ಧ ಮಗನ ಕಡೆ. ಹಿಂದಿನಿಂದ ರೆಫರಿ ಸೀಟಿ ಊದಿ ಲೈಲ್‌ನ ಕುಸ್ತಿ ಶುರು ಮಾಡಿದ್ದೂ, ಜನ ಕೂಗಿದ್ದೂ ಅವನಿಗೆ ಕೇಳಿಸಿತು. ಜೇಬಿನಿಂದ ಕೊಲಾಚಿ ಹಾರಿ ಯಾರದೋ ಬೂಟಿನ ಕೆಳಗೆ ಅಪ್ಪಚ್ಚಿಯಾಯಿತು. ಮಾಡಿನ ಕೆಳಗಿನ ಕೊನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಮೈಯಿಂದ ಬೆವರು ಧಾರೆಯಾಗಿ ಇಳಿದು, ಬೇಕಾಗಿದ್ದ ಆ ಎರಡು ಪೌಂಡ್ ಸರಿಯಾಗಿ ಇಳಿದುಹೋಗಿತ್ತು.